ನೌಕರಿ ಬಿಟ್ಟು ಒಬ್ಬರೇ ಹೊಲಿಗೆ ಉದ್ಯಮ ಆರಂಭಿಸುವ ಮುನ್ನ: ಹೊಸಕೆರೆಹಳ್ಳಿಯ ಓದುಗರಿಗೆ ಉತ್ತರ

ಪ್ರಶ್ನೆ: ನನಗೆ 37 ವರ್ಷ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಸ್ಯಾಂಪಲ್ ವಿಭಾಗದಲ್ಲಿ 11 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ 18,000 ರೂಪಾಯಿ ಕೈಗೆ ಬರುತ್ತದೆ. ಯಜಮಾನರು ಸ್ವಂತ ಆಟೊ ಓಡಿಸುತ್ತಾರೆ, ಅವರಿಗೆ ಸಕ್ಕರೆ ಕಾಯಿಲೆ ಇದೆ. ಸಂಜೆ ಹೊತ್ತು ಮತ್ತು ಭಾನುವಾರ ಅಕ್ಕಪಕ್ಕದವರಿಗೆ ಲೈನಿಂಗ್ ಬ್ಲೌಸ್ ಹೊಲಿದುಕೊಡುತ್ತೇನೆ, ಒಂದಕ್ಕೆ 350 ರೂಪಾಯಿ ತೆಗೆದುಕೊಳ್ಳುತ್ತೇನೆ. ಕೆಲಸ ಬಿಟ್ಟು ಇದನ್ನೇ ಮಾಡೋಣ ಎನಿಸಿದೆ. ಪಿಎಫ್ ಹಣ ತೆಗೆದು, ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟು, 15,000 ರೂಪಾಯಿ ಬಾಡಿಗೆಯ ಮಳಿಗೆ ಹಿಡಿಯುವಂತೆ ನನ್ನ ತಮ್ಮ ಹೇಳುತ್ತಿದ್ದಾನೆ. ಒಬ್ಬಳೇ ಮಾಡುವುದಾದರೆ ‘ಒನ್ ಪರ್ಸನ್ ಕಂಪನಿ’ ನೋಂದಾಯಿಸಬೇಕು, ಜಿಎಸ್‌ಟಿ ಕಡ್ಡಾಯ ಎಂದೂ ಹೇಳುತ್ತಾರೆ. ಕ್ಯೂಆರ್ ಕೋಡ್ ಇಟ್ಟಿದ್ದ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದ ಸುದ್ದಿ ಕೇಳಿದ ಮೇಲೆ ಭಯವೂ ಆಗಿದೆ. ಇವುಗಳಲ್ಲಿ ಯಾವುದು ನಿಜ? ಯಾವಾಗ ಕೆಲಸ ಬಿಟ್ಟರೆ ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಬಾಡಿಗೆ, ಅಡ್ವಾನ್ಸ್, ಸಂಬಳ, ಒಂದು ಬ್ಲೌಸಿನ ಮಜೂರಿ ಎಲ್ಲವೂ ಅಂಕಿಗಳಲ್ಲಿವೆ. ಒಂದು ಬ್ಲೌಸಿಗೆ ನಿಮ್ಮ ಎಷ್ಟು ಗಂಟೆ ಹೋಗುತ್ತದೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಸಣ್ಣ ಉದ್ಯಮದವರ ಲೆಕ್ಕಪತ್ರ ನೋಡಿಕೊಂಡು ಬಂದಿರುವ ಇಷ್ಟು ವರ್ಷಗಳಲ್ಲಿ, ಒಬ್ಬರೇ ನಡೆಸುವ ವ್ಯವಹಾರದ ಬಗ್ಗೆ ನಾನು ಕೇಳಿದ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಈ ಒಂದು ಅಂಕಿ ಇಲ್ಲದ್ದರಿಂದಲೇ ಹುಟ್ಟಿದವು. ಆದ್ದರಿಂದ ನೋಂದಣಿಯ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಗಂಟೆಗಳಿಂದಲೇ ಆರಂಭಿಸುತ್ತೇನೆ.

ಲೈನಿಂಗ್ ಬ್ಲೌಸಿನ ಕಟಿಂಗ್, ಹೊಲಿಗೆ, ಆಮೇಲೆ ಕೈಯಲ್ಲಿ ಮಾಡುವ ಹೆಮ್ಮಿಂಗ್ ಮತ್ತು ಹುಕ್ಕು, ಇಷ್ಟಕ್ಕೆ ನಿಮ್ಮಂಥ ಪಳಗಿದ ಕೈಗೂ ಸುಮಾರು ಮೂರು ಗಂಟೆ ಬೇಕು ಎಂದಿಟ್ಟುಕೊಳ್ಳೋಣ. ಇದರ ಜೊತೆಗೆ ಅಳತೆ ತೆಗೆಯುವುದು, ಕತ್ತಿನ ವಿನ್ಯಾಸವನ್ನು ಫೋನಿನಲ್ಲಿ ತೋರಿಸಿ ಮಾತಾಡುವುದು, ಲೈನಿಂಗ್ ಬಣ್ಣ ಹೊಂದಿಸುವುದು, ಟ್ರಯಲ್ ನೋಡುವುದು, ವಾಪಸ್ಸು ಬಂದದ್ದನ್ನು ಬಿಚ್ಚಿ ಸರಿಮಾಡುವುದು ಇವೆಲ್ಲ ಸೇರಿ ಇನ್ನೊಂದು ಗಂಟೆಯಾದರೂ ಆಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಚಿಕ್ಕಪೇಟೆಗೆ ಹೋಗಿಬರಲು ನಿಮಗೆ ಬಸ್ಸಿನ ಖರ್ಚಿಲ್ಲ, ನಿಜ. ಆದರೆ ಲೈನಿಂಗ್, ಪೈಪಿಂಗ್ ಹುರಿ, ದಾರ ತರಲು ಹೊರಟರೆ ಅರ್ಧ ದಿನ ಹೋಗುತ್ತದೆ, ಆ ಅರ್ಧ ದಿನಕ್ಕೂ ಬೆಲೆಯಿದೆ. ಹೀಗೆ ಒಂದು ಬ್ಲೌಸಿಗೆ ನಾಲ್ಕು ಗಂಟೆ. ಲೈನಿಂಗ್, ಹುಕ್ಕು, ದಾರ, ಪೈಪಿಂಗ್‌ಗೆ 110 ರೂಪಾಯಿ ಖರ್ಚೆಂದು ಹಿಡಿದರೆ, ನಿಮ್ಮ 350 ರೂಪಾಯಿಯಲ್ಲಿ ಉಳಿಯುವುದು 240. ಅಂದರೆ ಗಂಟೆಗೆ 60 ರೂಪಾಯಿ.

ಈಗ ಕಾರ್ಖಾನೆಯ ಲೆಕ್ಕ ನೋಡಿ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆ. 18,000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 86 ರೂಪಾಯಿಗೂ ಸ್ವಲ್ಪ ಹೆಚ್ಚು. ಇದರ ಮೇಲೆ ನಿಮ್ಮ ಪಿಎಫ್‌ಗೆ ಮಾಲೀಕರು ಸೇರಿಸುವ ಪಾಲು, ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಅವರು ಕಟ್ಟುವ ಶೇ. 3.25, ವರ್ಷಕ್ಕೊಮ್ಮೆ ಬರುವ ಬೋನಸ್, ಲೆಕ್ಕದಲ್ಲಿ ಸದ್ದಿಲ್ಲದೆ ಬೆಳೆಯುತ್ತಿರುವ ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಸಿಗುವ ಹಣ), ಇವೆಲ್ಲ ಇವೆ. ಕೂಡಿಸಿದರೆ ಗಂಟೆಗೆ ನೂರು ರೂಪಾಯಿ ದಾಟುತ್ತದೆ. ಸಂಜೆ ಹೊತ್ತಿನಲ್ಲಿ ಬರುವ 350 ರೂಪಾಯಿ ಮೇಲು ಸಂಪಾದನೆಯಾಗಿ ಕಾಣುತ್ತದೆ, ಏಕೆಂದರೆ ಮನೆ ಖರ್ಚನ್ನು ಸಂಬಳ ನೋಡಿಕೊಳ್ಳುತ್ತಿದೆ. ಸಂಬಳ ನಿಂತ ದಿನ ಅದೇ 350 ರೂಪಾಯಿ ಬಾಡಿಗೆಯನ್ನೂ, ಶಾಲೆಯ ಫೀಸನ್ನೂ, ಔಷಧಿಯನ್ನೂ ಹೊರಬೇಕಾಗುತ್ತದೆ.

ಹಾಗಾದರೆ ಎಷ್ಟು ತೆಗೆದುಕೊಳ್ಳಬೇಕು? ನಿಮ್ಮ 18,000 ರೂಪಾಯಿಯ ಜೊತೆಗೆ ಆರೋಗ್ಯ ವಿಮೆ ಮತ್ತು ಉಳಿತಾಯಕ್ಕೆ 5,000, ವಿದ್ಯುತ್, ಸೂಜಿ, ಮೆಷಿನ್ ಸರ್ವಿಸ್, ಫೋನ್ ಇವಕ್ಕೆಲ್ಲ 3,000 ಸೇರಿಸಿ 26,000 ಎಂದುಕೊಳ್ಳೋಣ. 208 ಗಂಟೆಯಲ್ಲಿ ನಾಲ್ಕು ಗಂಟೆಗೊಂದರಂತೆ ನೀವು ಹೊಲಿಯಬಲ್ಲದ್ದು 52 ಬ್ಲೌಸ್. ಒಂದರಲ್ಲಿ 500 ರೂಪಾಯಿ ಉಳಿದರೆ 26,000 ಆಗುತ್ತದೆ, ಆದ್ದರಿಂದ ಮಜೂರಿ 610 ಇರಬೇಕು. ಇದು ವರ್ಷವಿಡೀ ಕೈತುಂಬ ಕೆಲಸ ಇದ್ದರೆ ಮಾತ್ರ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಧನುರ್ಮಾಸದಲ್ಲಿ ಇರುವುದಿಲ್ಲ, ಪಿತೃಪಕ್ಷದಲ್ಲಿ ಹೊಸ ಬಟ್ಟೆಯ ಮಾತನ್ನು ಯಾರೂ ಎತ್ತುವುದಿಲ್ಲ, ಅಧಿಕ ಮಾಸ ಬಂದ ವರ್ಷ ಇನ್ನೊಂದು ತಿಂಗಳು ಖಾಲಿ. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ಹದಿನೈದು ದಿನ ನಿಮಗೆ ನಿದ್ದೆಗೂ ಬಿಡುವಿರುವುದಿಲ್ಲ, ಆದರೆ ಆ ಹದಿನೈದು ದಿನದ ಸಂಪಾದನೆಯನ್ನು ಇಡೀ ವರ್ಷಕ್ಕೆ ಗುಣಿಸಿ ನೋಡುವುದು ಹೊಲಿಗೆ ವೃತ್ತಿಯಲ್ಲಿ ನಾನು ಕಂಡ ದೊಡ್ಡ ತಪ್ಪು. ವರ್ಷದ ಸರಾಸರಿ ತಿಂಗಳಿಗೆ 40 ಬ್ಲೌಸ್ ಎಂದು ಹಿಡಿದರೆ ಒಂದರಲ್ಲಿ 650 ಉಳಿಯಬೇಕು, ಮಜೂರಿ 760 ಆಗಬೇಕು. 350ರಿಂದ 760ಕ್ಕೆ ಒಂದೇ ದಿನದಲ್ಲಿ ಹೋಗಲಾಗದು. ಆದರೆ ಈ ಅಂಕಿ ಕಣ್ಣೆದುರಿಗಿದ್ದರೆ, ಗೆಳತಿಯರಿಗೆಂದು ಇಟ್ಟ ಬೆಲೆಯಲ್ಲೇ ಉದ್ಯಮ ನಡೆಸಬಹುದೆಂಬ ಭ್ರಮೆ ಇರುವುದಿಲ್ಲ.

ಇದೇ ಅಳತೆಗೋಲಿನಿಂದ ಮಳಿಗೆಯ ಪ್ರಶ್ನೆಯನ್ನೂ ನೋಡಿ. ಒಂದು ಬ್ಲೌಸಿನಲ್ಲಿ 500 ರೂಪಾಯಿ ಉಳಿಯುವ ಒಳ್ಳೆಯ ತಿಂಗಳಿನಲ್ಲೇ 15,000 ರೂಪಾಯಿ ಬಾಡಿಗೆ ಎಂದರೆ 30 ಬ್ಲೌಸ್. ನೀವು ಹೊಲಿಯಬಲ್ಲ 52ರಲ್ಲಿ ಮೊದಲ 30 ಮಳಿಗೆಯ ಮಾಲೀಕರಿಗೆ ಹೋದವು, ಉಳಿದ 22 ನಿಮ್ಮ ಮನೆಗೆ. ಆಷಾಢದಲ್ಲಿ ಬರೀ 20 ಬ್ಲೌಸ್ ಬಂದರೆ ಬಾಡಿಗೆಗೇ ಕೈಯಿಂದ ಹಾಕಬೇಕು. ರಸ್ತೆಗೆ ಕಾಣುವ ಮಳಿಗೆಯಿದ್ದರೆ ಗಿರಾಕಿ ತಾನಾಗಿ ಬರುತ್ತಾರೆ ಎಂಬ ಮಾತು ದಿನಸಿ ಅಂಗಡಿಗೆ ಹೊಂದಬಹುದು. ಬ್ಲೌಸಿನ ಗಿರಾಕಿ ಬರುವುದು ಮದುವೆ ಮನೆಯಲ್ಲಿ ಇನ್ನೊಬ್ಬರ ತೋಳು ಕೂತ ರೀತಿ ನೋಡಿ, ಯಾರಲ್ಲಿ ಹೊಲಿಸಿದ್ದೆಂದು ಕೇಳಿ. ಆದ್ದರಿಂದ ಮೊದಲ ವರ್ಷ ಮನೆಯ ಮುಂದಿನ ಕೋಣೆಯೇ ಸಾಕು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಗೃಹಜ್ಯೋತಿ ಗೃಹಬಳಕೆಯ ಸಂಪರ್ಕಕ್ಕೆ ಕೊಟ್ಟ ಸೌಲಭ್ಯವೆಂಬುದೂ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕೆಂಬುದೂ ನೆನಪಿರಲಿ. ಹಳೆಯ ಪವರ್ ಮೆಷಿನ್ ಕೊಳ್ಳುವಾಗ ಸರ್ವೊ ಮೋಟಾರಿನದನ್ನೇ ನೋಡಿ. ಕ್ಲಚ್ ಮೋಟಾರು ನೀವು ಹೊಲಿಯದೆ ಕೂತಾಗಲೂ ತಿರುಗುತ್ತಲೇ ಇರುತ್ತದೆ. ಮುಂದೊಂದು ದಿನ ಮಳಿಗೆ ತೆರೆದರೆ, ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು, ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು.

‘ಒನ್ ಪರ್ಸನ್ ಕಂಪನಿ’ಯ ಗೊಂದಲಕ್ಕೆ ಅದರ ಹೆಸರೇ ಕಾರಣ. ಒಬ್ಬರೇ ನಡೆಸುವ ವ್ಯವಹಾರವೆಲ್ಲ ಏಕವ್ಯಕ್ತಿ ಕಂಪನಿಯಲ್ಲ. 2013ರ ಕಂಪನಿ ಕಾಯ್ದೆ ತಂದ ಈ ರೂಪದಲ್ಲಿ ಕಂಪನಿಯೇ ಬೇರೆ, ನೀವೇ ಬೇರೆ. ನಿಮ್ಮ ನಂತರ ಅದನ್ನು ವಹಿಸಿಕೊಳ್ಳುವ ನಾಮಿನಿಯನ್ನು ಹೆಸರಿಸಬೇಕು, ವ್ಯವಹಾರ ಎಷ್ಟೇ ಚಿಕ್ಕದಿರಲಿ ಪ್ರತಿವರ್ಷ ಲೆಕ್ಕಪರಿಶೋಧನೆ ಮಾಡಿಸಬೇಕು, ಕಂಪನಿ ರಿಜಿಸ್ಟ್ರಾರರಿಗೆ ವಾರ್ಷಿಕ ವಿವರ ಸಲ್ಲಿಸಬೇಕು. ಸಲ್ಲಿಸುವುದು ತಡವಾದರೆ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತದೆ. ಕಂಪನಿಯ ಖಾತೆಯಲ್ಲಿರುವ ಹಣವನ್ನು ಮನೆಯ ಖರ್ಚಿಗೆಂದು ಸುಮ್ಮನೆ ತೆಗೆಯುವಂತಿಲ್ಲ. ಸಾಲದ ಹೊಣೆ ಕಂಪನಿಗಷ್ಟೇ ಸೀಮಿತ ಎಂಬ ಅನುಕೂಲವೇನೋ ಕಾಗದದಲ್ಲಿದೆ. ಆದರೆ ಇಂಥ ಚಿಕ್ಕ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿಮ್ಮ ವೈಯಕ್ತಿಕ ಜಾಮೀನನ್ನೂ ಕೇಳುವುದೇ ಹೆಚ್ಚು. ಬ್ಲೌಸ್ ಹೊಲಿಯುವ ಕೆಲಸದಲ್ಲಿ ಕೋಟಿಗಟ್ಟಲೆ ನಷ್ಟಪರಿಹಾರ ಕೊಡಬೇಕಾದ ಸಂದರ್ಭವೂ ಬಾರದು. ನಿಮಗೆ ಏಕಮಾಲೀಕತ್ವ, ಅಂದರೆ ಪ್ರೊಪ್ರೈಟರ್‌ಶಿಪ್, ಧಾರಾಳವಾಗಿ ಸಾಕು. ನಿಮ್ಮ ಪ್ಯಾನ್ ಕಾರ್ಡೇ ಅದರ ಪ್ಯಾನ್ ಕಾರ್ಡು.

ಜಿಎಸ್‌ಟಿ ವಿಷಯದಲ್ಲಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಪಾವತಿಗಳ ಮಾಹಿತಿ ಆಧರಿಸಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಕಳುಹಿಸಿದಾಗ, ಎಷ್ಟೋ ಕಡೆ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಹೊತ್ತಿಗೆ ಹರಡಿದ ಮೂರು ತಪ್ಪು ತಿಳಿವಳಿಕೆಗಳು ಇಂದಿಗೂ ಉಳಿದಿವೆ. ಯುಪಿಐನಲ್ಲಿ ಪಡೆದರೆ ತೆರಿಗೆ, ನಗದಿನಲ್ಲಿ ಪಡೆದರೆ ಇಲ್ಲ ಎಂಬುದು ಒಂದು. ಕಾನೂನಿಗೆ ಬೇಕಾದದ್ದು ವಹಿವಾಟು, ಹಣ ಯಾವ ದಾರಿಯಲ್ಲಿ ಬಂತು ಎನ್ನುವುದಲ್ಲ. ಲಾಭ ಕಡಿಮೆಯಿದ್ದರೆ ನೋಂದಣಿ ಬೇಡ ಎಂಬುದು ಎರಡನೆಯದು. ನೋಂದಣಿಯ ಮಿತಿಗೆ ಲೆಕ್ಕ ಹಿಡಿಯುವುದು ಒಟ್ಟು ವಹಿವಾಟನ್ನು, ನಿಮ್ಮ ಕೈಯಲ್ಲಿ ಉಳಿದದ್ದನ್ನಲ್ಲ. ವ್ಯವಹಾರ ಆರಂಭಿಸಿದವರೆಲ್ಲರೂ ನೋಂದಾಯಿಸಲೇಬೇಕು ಎಂಬುದು ಮೂರನೆಯದು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಗಿರಾಕಿ ತಂದ ಬಟ್ಟೆಯನ್ನು ಹೊಲಿದುಕೊಡುವುದು ಸೇವೆ.

ಈಗ ನಿಮ್ಮ ಗಂಟೆಗಳ ಲೆಕ್ಕವನ್ನು ಇಲ್ಲಿಗೆ ತನ್ನಿ. 760 ರೂಪಾಯಿಯ ಬ್ಲೌಸಿನಿಂದ 20 ಲಕ್ಷ ತಲುಪಲು ವರ್ಷಕ್ಕೆ 2,630ಕ್ಕೂ ಹೆಚ್ಚು ಬ್ಲೌಸ್ ಹೊಲಿಯಬೇಕು, ಅಂದರೆ ಭಾನುವಾರ, ಹಬ್ಬ ಒಂದನ್ನೂ ಬಿಡದೆ ದಿನಕ್ಕೆ ಏಳಕ್ಕಿಂತ ಹೆಚ್ಚು. ನಿಮ್ಮ ಎರಡು ಕೈಗಳಿಂದ ಅದು ಸಾಧ್ಯವಿಲ್ಲ. ತಿಂಗಳಿಗೆ 52ರಂತೆ ವರ್ಷಪೂರ್ತಿ ಹೊಲಿದರೂ ವಹಿವಾಟು 4,74,240 ರೂಪಾಯಿ ಅಷ್ಟೆ. ನೀವು ಹೆದರಬೇಕಾದ ಮಿತಿ ಅಲ್ಲ ಇದು. ಆದರೂ ಮನೆಯವರು ಕಳುಹಿಸಿದ ಹಣ, ಚೀಟಿಯ ಹಣ, ಹೊಲಿಗೆಯ ಹಣ ಎಲ್ಲವೂ ಒಂದೇ ಖಾತೆಗೆ ಬೀಳುವುದು ಬೇಡ. ವ್ಯವಹಾರಕ್ಕೆಂದೇ ಒಂದು ಖಾತೆ ತೆರೆದು, ಕ್ಯೂಆರ್ ಕೋಡನ್ನು ಅದಕ್ಕೆ ಜೋಡಿಸಿ. ಯಾವತ್ತಾದರೂ ಪ್ರಶ್ನೆ ಬಂದರೆ ಆ ಪಾಸ್‌ಬುಕ್ಕೇ ಉತ್ತರ ಹೇಳುತ್ತದೆ.

‘ಇರಲಿ, ಮುಂದಕ್ಕೆ ಬೇಕಾಗುತ್ತದೆ’ ಎಂದು ಈಗಲೇ ಸ್ವಇಚ್ಛೆಯಿಂದ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಡಿ. ವ್ಯವಹಾರವಿಲ್ಲದ ತಿಂಗಳಿಗೂ ರಿಟರ್ನ್ ಸಲ್ಲಿಸುವ ಹೊಣೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ, ಯಜಮಾನಿ ಅಥವಾ ಪತಿ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೋ ಆಗಿದ್ದಲ್ಲಿ ಆ ಯೋಜನೆಯ ಅರ್ಹತೆ ಇರುವುದಿಲ್ಲ. ಅಗತ್ಯವಿಲ್ಲದ ಒಂದು ನೋಂದಣಿಗೆ ವರ್ಷಕ್ಕೆ 24,000 ರೂಪಾಯಿ ತೆತ್ತಂತಾಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು. ನೀವೇ ಬಟ್ಟೆ ಕೊಂಡು ರೆಡಿಮೇಡ್ ಬ್ಲೌಸ್ ಹೊಲಿದು ಮಾರತೊಡಗಿದರೆ ಅದು ಸರಕು, ಮತ್ತು ಹೊರರಾಜ್ಯಕ್ಕೆ ಸರಕು ಮಾರುವವರಿಗೆ 40 ಲಕ್ಷದ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಹೊಸೂರು ನಮಗೆ ಪಕ್ಕದ ಊರು, ಕಾನೂನಿಗೆ ಹೊರರಾಜ್ಯ. ಹೊಸೂರಿನವರು ತಮ್ಮ ಬಟ್ಟೆ ತಂದುಕೊಟ್ಟು ಹೊಲಿಸಿಕೊಂಡರೆ ತೊಂದರೆಯಿಲ್ಲ, ನೀವು ರೆಡಿಮೇಡ್ ಮಾಡಿ ಅಲ್ಲಿಗೆ ಮಾರಿದರೆ ಮೊದಲ ಬ್ಲೌಸಿಗೇ ನೋಂದಣಿ ಬೇಕಾಗುತ್ತದೆ.

ಆದಾಯ ತೆರಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಬರುವುದಿಲ್ಲ.

ನೀವು ಮಾಡಿಸಿಕೊಳ್ಳಲೇಬೇಕೆಂದು ನಾನು ಹೇಳುವ ನೋಂದಣಿಯೊಂದಿದೆ, ಅದನ್ನು ನಿಮಗೆ ಯಾರೂ ಹೇಳಿದಂತಿಲ್ಲ. ಅದು ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡಿರುವ ನೋಂದಣಿ. 2020ರ ಜುಲೈನಿಂದ ಜಾರಿಯಲ್ಲಿದೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಸರ್ಕಾರದ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳು ಇದಕ್ಕೆ ಹಣ ಕೇಳುತ್ತವೆ, ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆಯೇ ಎಂದು ನೋಡಿಕೊಂಡೇ ಮುಂದುವರಿಯಿರಿ. ಪ್ರಮಾಣಪತ್ರ ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಉದ್ಯಮದ ಹೆಸರಿನ ಚಾಲ್ತಿ ಖಾತೆ ತೆರೆಯುವುದು ಸುಲಭ. ಅದಕ್ಕಿಂತ ದೊಡ್ಡ ಪ್ರಯೋಜನ ಬೇರೆಯಿದೆ. ಖಾಲಿ ತಿಂಗಳುಗಳಲ್ಲಿ ನೀವು ಬೊಟಿಕ್‌ಗಳಿಂದ ಜಾಬ್‌ವರ್ಕ್ ಹಿಡಿಯಬಹುದು, ಹಿಡಿಯಲೂ ಬೇಕು. 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ನೋಂದಾಯಿತ ಅತಿಸಣ್ಣ ಉದ್ಯಮಕ್ಕೆ ಕೊಳ್ಳುವವರು ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ನಾನು ಸ್ವಂತವಾಗಿ ಕೆಲಸ ಆರಂಭಿಸಿದ ಮೊದಲ ವರ್ಷ, ವ್ಯಾಪಾರಿಯೊಬ್ಬರು ನನ್ನ ಶುಲ್ಕವನ್ನು ಏಳು ತಿಂಗಳು ಮುಂದೂಡಿದರು. ನನ್ನ ಕೈಯಲ್ಲಿ ಲಿಖಿತ ಆದೇಶವೂ ಇರಲಿಲ್ಲ, ನೋಂದಣಿಯೂ ಇರಲಿಲ್ಲ, ಪ್ರತಿ ಸೋಮವಾರ ಹೋಗಿ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಆದ್ದರಿಂದಲೇ ಒತ್ತಿ ಹೇಳುತ್ತಿದ್ದೇನೆ: ಬೊಟಿಕ್‌ನ ಮೊದಲ ಬಟ್ಟೆಯ ಕಟ್ಟು ಮನೆಗೆ ಬರುವ ಮೊದಲೇ ಈ ನೋಂದಣಿ ಆಗಿರಲಿ, ಎಷ್ಟು ಪೀಸು, ಒಂದಕ್ಕೆ ಎಷ್ಟು ಮಜೂರಿ ಎಂಬುದು ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಬರಹದಲ್ಲಿರಲಿ.

ಅಕ್ಕಪಕ್ಕದವರ ವಿಷಯದಲ್ಲಿ ಕಾನೂನಿಗಿಂತ ನಾಲಿಗೆ ಗಟ್ಟಿಯಿರಬೇಕು. ಪರಿಚಯದವರ ಬಳಿ ಮುಂಗಡ ಕೇಳಿದರೆ ಮನಸ್ತಾಪ ಬರುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನಾನು ಕಂಡಂತೆ ಮನಸ್ತಾಪ ಬರುವುದು ಬಾಕಿ ಬೆಳೆದ ಮೇಲೆ. ಬಟ್ಟೆ ಕೊಡುವಾಗಲೇ ಅರ್ಧ, ಒಯ್ಯುವಾಗ ಉಳಿದರ್ಧ ಎಂದು ಮೊದಲ ದಿನದಿಂದಲೇ ಎಲ್ಲರಿಗೂ ಒಂದೇ ನಿಯಮ ಮಾಡಿ, ನಾದಿನಿಗೂ ಅದೇ ನಿಯಮ. ಸ್ವಂತ ಕೆಲಸವಾದರೆ ಸಮಯ ನಮ್ಮದೇ ಎಂಬ ಮಾತಿಗೂ ಇದು ಅನ್ವಯಿಸುತ್ತದೆ. ಮನೆಯಲ್ಲೇ ಕೆಲಸವೆಂದರೆ ರಾತ್ರಿ ಒಂಬತ್ತೂವರೆಗೆ ‘ಒಂದು ಫಾಲ್ಸ್ ಅಷ್ಟೇ ಅಕ್ಕ’ ಎಂದು ಬಾಗಿಲು ತಟ್ಟುವವರಿರುತ್ತಾರೆ. ಅಳತೆ ಕೊಡುವ, ಬಟ್ಟೆ ಒಯ್ಯುವ ವೇಳೆ ಸಂಜೆ ನಾಲ್ಕರಿಂದ ಆರು ಎಂದು ಬಾಗಿಲ ಮೇಲೆ ಬರೆದು ಹಾಕಿ. ಬೆಳಗಿನ ಹೊತ್ತಿನ ಅಡ್ಡಿಯಿಲ್ಲದ ನಾಲ್ಕು ಗಂಟೆ ಮೆಷಿನ್ ಮುಂದೆ ಸಿಕ್ಕರೆ, ಚೂರುಚೂರಾದ ಎಂಟು ಗಂಟೆಯ ಕೆಲಸ ಆಗುತ್ತದೆ.

ಹನ್ನೊಂದು ವರ್ಷದ ಅನುಭವವಿದೆ, ಹೊಲಿಗೆಯ ಬಗ್ಗೆ ಚಿಂತೆಯಿಲ್ಲ ಎಂದು ನಿಮಗನಿಸಬಹುದು. ನಿಮ್ಮ ಕೈಗುಣದ ಬಗ್ಗೆ ನನಗೂ ಸಂಶಯವಿಲ್ಲ. ಆದರೆ ಸ್ಯಾಂಪಲ್ ವಿಭಾಗದಲ್ಲಿ ಅಳತೆ ನಿಮ್ಮ ಕೈಗೆ ಸ್ಪೆಕ್ ಶೀಟಿನಲ್ಲಿ ಬರೆದು ಬರುತ್ತದೆ, ಮನೆಯಲ್ಲಿ ಆ ಶೀಟನ್ನು ನೀವೇ ಬರೆಯಬೇಕು. ನಾನು ಲೆಕ್ಕ ನೋಡಿಕೊಡುತ್ತಿದ್ದ ಮಹಿಳೆಯೊಬ್ಬರು, ಅವರೂ ಗಾರ್ಮೆಂಟ್ಸ್‌ನಿಂದ ಬಂದವರೇ, ಒಂದು ಶ್ರಾವಣದಲ್ಲಿ 41 ಬ್ಲೌಸ್ ಹೊಲಿದಿದ್ದರು. ಉದ್ದನೆಯ ನೋಟ್‌ಬುಕ್ಕಿನ ಪ್ರತಿ ಸಾಲಿನಲ್ಲೂ ಬಟ್ಟೆಯ ಒಂದು ಚೂರನ್ನು ಪಿನ್ನು ಹೊಡೆದು, ಪಕ್ಕದಲ್ಲಿ ಕೊಡುವ ದಿನ, ಪಡೆದ ಮುಂಗಡ, ವಾಪಸ್ಸು ಬಂದಿದ್ದರೆ ಕಾರಣ ಇಷ್ಟನ್ನೂ ಬರೆದಿಡುತ್ತಿದ್ದರು. ಆ ಪುಟಗಳನ್ನು ಇಬ್ಬರೂ ಕೂತು ನೋಡಿದಾಗ 9 ಬ್ಲೌಸ್ ವಾಪಸ್ಸು ಬಂದಿದ್ದವು, ಅದರಲ್ಲಿ 7 ಕಂಕುಳಲ್ಲಿ ಬಿಗಿ ಎಂದು. ಏಳೂ ಗಿರಾಕಿಗಳು ಕೊಟ್ಟ ಹಳೆಯ ಅಳತೆ ಬ್ಲೌಸ್ ಇಟ್ಟುಕೊಂಡು ಕತ್ತರಿಸಿದವು. ಒಗೆದು ಒಗೆದು ಕುಗ್ಗಿದ, ಪಕ್ಕದ ಹೊಲಿಗೆ ಎರಡು ಸಲ ಬಿಚ್ಚಿದ ಬ್ಲೌಸುಗಳವು. ಅಲ್ಲಿಂದಾಚೆ ಅವರು ಅಳತೆ ಬ್ಲೌಸ್ ಪಡೆದರೂ ಮೈಮೇಲೆ ಟೇಪು ಹಿಡಿದು ಅಳೆದು ಬರೆದುಕೊಳ್ಳತೊಡಗಿದರು. ಹತ್ತು ನಿಮಿಷ ಹೆಚ್ಚು ಹೋಗುತ್ತಿತ್ತು, ಬಿಚ್ಚಿ ಹೊಲಿಯುವ ಒಂದು ಗಂಟೆ ಉಳಿಯುತ್ತಿತ್ತು. ಅಂಥದೊಂದು ನೋಟ್‌ಬುಕ್ಕನ್ನು ನೀವು ಇವತ್ತೇ ಆರಂಭಿಸಿ, ಅದಕ್ಕೆ ಇನ್ನೊಂದು ಅಂಕಣ ಸೇರಿಸಿ: ಮೆಷಿನ್ ಮುಂದೆ ಕೂತ ಹೊತ್ತು, ಎದ್ದ ಹೊತ್ತು. ನಾನು ಊಹಿಸಿದ ನಾಲ್ಕು ಗಂಟೆ ನಿಮ್ಮಲ್ಲಿ ಮೂರೂ ಆಗಬಹುದು, ಐದೂ ಆಗಬಹುದು, ಮೇಲಿನ ಲೆಕ್ಕವನ್ನೆಲ್ಲ ಆ ಅಂಕಿ ಹಾಕಿ ಮತ್ತೆ ಮಾಡಬೇಕು.

ಒಬ್ಬರದೇ ಉದ್ಯಮವೆಂದರೆ ಎಲ್ಲ ಕೆಲಸವೂ ಒಬ್ಬರೇ ಮಾಡಬೇಕೆಂದೇನಿಲ್ಲ. ಹೆಮ್ಮಿಂಗ್ ಮತ್ತು ಹುಕ್ಕನ್ನು ಬೀದಿಯಲ್ಲೇ ಇರುವ ಇನ್ನೊಬ್ಬರಿಗೆ ಪೀಸಿಗೆ 50 ರೂಪಾಯಿಯಂತೆ ಕೊಟ್ಟರೆ ನಿಮ್ಮ 40 ನಿಮಿಷ ಉಳಿಯುತ್ತದೆ. ಆಗ 208 ಗಂಟೆಯಲ್ಲಿ 62 ಬ್ಲೌಸ್ ಆಗುತ್ತವೆ. 610ರ ಮಜೂರಿಯಲ್ಲಿ ಒಂದರಲ್ಲಿ ಉಳಿಯುವುದು 450ಕ್ಕೆ ಇಳಿದರೂ ಒಟ್ಟು 27,900 ಆಗುತ್ತದೆ, ಮೊದಲಿನದಕ್ಕಿಂತ 1,900 ಹೆಚ್ಚು, ಕಣ್ಣಿಗೂ ಬೆನ್ನಿಗೂ ವಿಶ್ರಾಂತಿ. ಕೆಲಸ ತುಂಬಿರುವ ತಿಂಗಳಿಗೆ ಮಾತ್ರ ಈ ಲೆಕ್ಕ. ಆಷಾಢದಲ್ಲಿ ಹೆಮ್ಮಿಂಗನ್ನೂ ನೀವೇ ಮಾಡಿಕೊಳ್ಳಿ.

ಇನ್ನು ಬಂಡವಾಳ. ಪಿಎಫ್ ಹಣವನ್ನು ದಯವಿಟ್ಟು ಮುಟ್ಟಬೇಡಿ. ಕೆಲಸ ಬಿಟ್ಟ ಮಾತ್ರಕ್ಕೆ ಅದಕ್ಕೆ ಬಡ್ಡಿ ನಿಲ್ಲುವುದಿಲ್ಲ, 2024-25ರಲ್ಲಿ ಶೇ. 8.25 ಕೊಟ್ಟಿದ್ದಾರೆ. ಹತ್ತು ವರ್ಷ ಮುಗಿದಿರುವುದರಿಂದ 58ನೇ ವಯಸ್ಸಿನಿಂದ ನಿಮಗೆ ಪಿಂಚಣಿಯ ಹಕ್ಕೂ ಇದೆ, ಬಿಡುವಾಗ ಪಿಂಚಣಿಯ ಸ್ಕೀಮ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಆರಂಭಕ್ಕೆ ಬೇಕಾದ ಹಣ ನಿಮ್ಮ ಗ್ರಾಚ್ಯುಟಿಯಲ್ಲೇ ಇದೆ. ಐದು ವರ್ಷ ನಿರಂತರ ಸೇವೆ ಮುಗಿಸಿದವರಿಗೆ ಇದು ರಾಜೀನಾಮೆ ಕೊಟ್ಟರೂ ಸಿಗುತ್ತದೆ, ಕಾರ್ಖಾನೆ ಮುಚ್ಚಿದರೆ ಮಾತ್ರ ಸಿಗುವುದೆಂಬ ಮಾತು ತಪ್ಪು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,000 ಇದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು 11 ವರ್ಷದಿಂದ ಗುಣಿಸಿ: 1,01,538 ರೂಪಾಯಿ. ಹಳೆಯದೊಂದು ಪವರ್ ಮೆಷಿನ್, ಒಂದು ಓವರ್‌ಲಾಕ್ ಕೊಂಡು ಒಂದೆರಡು ಖಾಲಿ ತಿಂಗಳನ್ನು ದಾಟಲು ಇದು ಸಾಕಾಗಬೇಕು.

ಸಾಲ ಬೇಕೆನಿಸಿದರೆ ಯಾವುದನ್ನು ಮೊದಲು ಕೇಳಬೇಕೆಂಬುದು ಮುಖ್ಯ. ಮುದ್ರಾ ಸಾಲಕ್ಕೆ ಅಡಮಾನ ಬೇಡ, ಆದರೆ ಅದು ಸಬ್ಸಿಡಿಯಲ್ಲ, ಪೂರ್ತಿ ತೀರಿಸಬೇಕಾದ ಸಾಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಮೊದಲು 1 ಲಕ್ಷ ಮತ್ತು ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ ಶೇ. 5ರ ಬಡ್ಡಿಯಲ್ಲಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಇದು ಸಿಗುತ್ತದೆ, ಮತ್ತು ಮುದ್ರಾ ಸಾಲ ತೀರದೆ ಉಳಿದಿದ್ದರೆ ಸಿಗುವುದಿಲ್ಲ. ಅವಸರಕ್ಕೆ ಮುದ್ರಾ ತೆಗೆದುಕೊಂಡು ಈ ಬಾಗಿಲನ್ನು ಮುಚ್ಚಿಕೊಂಡವರನ್ನು ನೋಡಿದ್ದೇನೆ.

ಯಾವಾಗ ಬಿಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸೆಪ್ಟೆಂಬರ್ ಕೊನೆ. ನಿಮ್ಮ ಯಜಮಾನರ ಸಕ್ಕರೆ ಕಾಯಿಲೆಯ ಔಷಧಿ, ತಪಾಸಣೆ ಈಗ ಇಎಸ್‌ಐನಲ್ಲಿ ನಡೆಯುತ್ತಿರಬೇಕು. ಬಿಟ್ಟ ದಿನವೇ ಆ ರಕ್ಷೆ ಮುಗಿಯುತ್ತದೆ ಎಂದು ಬಹಳ ಜನ ತಪ್ಪು ತಿಳಿದಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅದಕ್ಕೂ ಹಿಂದಿನ ಅಕ್ಟೋಬರ್–ಮಾರ್ಚ್ ವಂತಿಗೆ ಜುಲೈನಿಂದ ಡಿಸೆಂಬರ್‌ವರೆಗೆ ಕಾಯುತ್ತದೆ. ಅಂದರೆ ಸೆಪ್ಟೆಂಬರ್ ಪೂರ್ತಿ ದುಡಿದು ಹೊರಬಂದರೆ ಮುಂದಿನ ಜೂನ್‌ವರೆಗೆ ಅವಕಾಶವಿರುತ್ತದೆ. ನಿಮ್ಮ ಇಎಸ್‌ಐ ಶಾಖಾ ಕಚೇರಿಯಲ್ಲಿ ಕಾರ್ಡು ತೋರಿಸಿ ದಿನಾಂಕಗಳನ್ನು ಖಚಿತಪಡಿಸಿಕೊಳ್ಳಿ. ಆದರೆ ಆರೋಗ್ಯ ವಿಮೆಯನ್ನು ಜೂನ್‌ವರೆಗೆ ಮುಂದೂಡಬೇಡಿ. ಮೊದಲೇ ಇರುವ ಕಾಯಿಲೆಗೆ ವಿಮಾ ಸಂಸ್ಥೆಗಳು ಗರಿಷ್ಠ ಮೂರು ವರ್ಷ ಕಾಯಿಸಬಹುದು, ಆ ಮೂರು ವರ್ಷದ ಎಣಿಕೆ ಪಾಲಿಸಿ ಕೊಂಡ ದಿನದಿಂದ. ಸಂಬಳ ಬರುತ್ತಿರುವಾಗಲೇ ಕೊಳ್ಳಿ, ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡದೆ ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ.

ಪಂಚಾಂಗವೂ ಈ ತಿಂಗಳಿಗೇ ಕೂಡಿಬರುತ್ತದೆ. ಶ್ರಾವಣದ ಕೆಲಸವನ್ನು ಈಗಿನಂತೆ ಸಂಜೆ ಹೊತ್ತಿನಲ್ಲಿ ಮಾಡಿ, ಹೊಸ ಗಿರಾಕಿಗಳಿಗೆ ಮೊದಲು 500, ಆಮೇಲೆ 610 ಎಂದು ಹೇಳಿ ನೋಡಿ. ಹಳಬರಿಗೆ ಗೌರಿ ಹಬ್ಬದ ನಂತರ ಹೊಸ ದರ ಎಂದು ಮುಂಚೆಯೇ ತಿಳಿಸಿ. ಆ ದರಕ್ಕೂ ನೋಟ್‌ಬುಕ್ಕಿನಲ್ಲಿ ಮೂರು ವಾರದ ಕೆಲಸ ಕಾದು ನಿಂತಿದ್ದರೆ ರಾಜೀನಾಮೆ ಕೊಡಿ, ಇಲ್ಲದಿದ್ದರೆ ಮುಂದಿನ ಮಾರ್ಚ್ ಕೊನೆಗೆ ಮತ್ತೆ ನೋಡೋಣ. ಅಕ್ಟೋಬರ್‌ನಲ್ಲಿ ಹೊರಬಂದವರಿಗೆ ನವರಾತ್ರಿ, ದೀಪಾವಳಿ, ಕಾರ್ತಿಕದ ಮದುವೆಗಳು ಎದುರಿಗಿರುತ್ತವೆ, ಧನುರ್ಮಾಸದ ಬಿಡುವು ಬರುವ ಹೊತ್ತಿಗೆ ಕೈಯಲ್ಲಿ ಎರಡು ತಿಂಗಳ ಸಂಪಾದನೆಯಿರುತ್ತದೆ. ಹೊರಡುವಾಗ ಗ್ರಾಚ್ಯುಟಿಗೆ ಲಿಖಿತ ಅರ್ಜಿ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಬಾಕಿಯಾದ ದಿನದಿಂದ 30 ದಿನದೊಳಗೆ ಅದನ್ನು ಪಾವತಿಸಬೇಕು. ಮಾರ್ಚ್‌ಗೆ ಮುಗಿದ ವರ್ಷದ ಬೋನಸ್ ದೀಪಾವಳಿಗೆ ಕೊಡುವ ರೂಢಿಯಿದ್ದರೆ, ನೀವು ಅಲ್ಲಿರದಿದ್ದರೂ ಅದು ನಿಮಗೆ ಸೇರಬೇಕಾದದ್ದೇ, ಅದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಎಂದು ಎರಡು ತಿಂಗಳ ನಂತರ ಒಮ್ಮೆ ತೆರೆದು ನೋಡಿ.